ಮೂರು ಚಮಚ ಮೆಲುಪುಡಿ

ನಮ್ಮೂರಿನಲ್ಲಿ ಸಾರುವ ಕೆಲಸಕ್ಕೆ ಆಳು ಬೇಕಾದಾಗ ಪುರಸಭೆಯವರು ಗಟ್ಟಿ ಗಂಟಲಿನವನನ್ನು ಹುಡುಕುವುದಿಲ್ಲ, ಪುಕ್ಕಲನನ್ನು ಹುಡುಕುತ್ತಾರೆ. ನನ್ನನ್ನು ಆರಿಸಿದ್ದೂ ಹಾಗೆಯೇ. ಆವತ್ತು ಪುರಸಭೆಯ ಅಂಗಳದಲ್ಲಿ ಹತ್ತಾರು ಮಂದಿ ಸಾಲಾಗಿ ನಿಂತಿದ್ದೆವು. ಒಬ್ಬೊಬ್ಬರೂ ಅಧ್ಯಕ್ಷೆಯ ಎದುರು ಹೋಗಿ ತಮ್ಮ ಹೆಸರು ಹೇಳಬೇಕಿತ್ತು, ಅಷ್ಟೆ. ನನ್ನ ಸರದಿ ಬಂದಾಗ ಆಕೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಕೆಂಚಪ್ಪ" ಎಂದೆ. ಹೆಂಚಿನ ಮೇಲೆ ಬಿಸಿಲು ಕಾಯುತ್ತಿದ್ದ ಬೆಕ್ಕು ದೊಪ್ಪನೆ ಕೆಳಗೆ ಬಿತ್ತು. ಆಚೆ ಬೀದಿಯಲ್ಲಿ ಹೋಗುತ್ತಿದ್ದ ಇನ್ನೊಬ್ಬ ಕೆಂಚಪ್ಪನವರು "ಯಾರು ಕರೆದದ್ದು?" ಎಂದು ಒಳಗೆ ಬಂದರು. ಸಾಲಿನಲ್ಲಿದ್ದ ಉಳಿದವರು ಮನೆಗೆ ಹೋದರು.

ಇಲ್ಲಿ ದನಿ ಇರುವುದೇ ಹಾಗೆ. ಮನಸ್ಸು ತಣ್ಣಗಿದ್ದರೆ ಮಾತು ಪಕ್ಕದಲ್ಲಿ ಕೂತವರಿಗಷ್ಟೆ ಕೇಳುತ್ತದೆ. ಮನಸ್ಸು ಬಿಗಿಯಾದಷ್ಟೂ ದನಿ ಏರುತ್ತದೆ. ಬೇಕೆಂದೇ ಕಿರುಚಲು ಹೋದರೆ ಗಂಟಲು ನೋಯುತ್ತದೆಯೇ ಹೊರತು ದನಿ ಜಗ್ಗುವುದಿಲ್ಲ. ಹೆದರಿದವನ ಪಿಸುಮಾತು ಮಾತ್ರ ಕೆರೆಯ ಆಚೆ ದಡಕ್ಕೂ ಮುಟ್ಟುತ್ತದೆ. ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ದಿನ ಯಾರೂ ಆ ಕಡೆ ದನ ಹೊಡೆಯುವುದಿಲ್ಲ. ಡಾಕ್ಟರ ಮುಂದೆ ಕೂತವರ ಮೂಲವ್ಯಾಧಿ ಸಂತೆಗೆಲ್ಲ ಗೊತ್ತಾಗುತ್ತದೆ. ಸಂತೆಯವರು ಏನೂ ಕೇಳಿಸದವರ ಹಾಗೆ ಬದನೆಕಾಯಿ ಆರಿಸುತ್ತಾರೆ. ಅಷ್ಟು ಮರ್ಯಾದೆ ನಮ್ಮೂರಿನಲ್ಲಿ ಇದೆ.

ಆದರೂ ಎಷ್ಟು ದಿನ ಅಂತ ಬದನೆಕಾಯಿ ಆರಿಸಲಾದೀತು? ಅದಕ್ಕೇ ಮೆಲುಪುಡಿ. ಗುಡ್ಡದ ಹಿಂದಿನ ಬಿಳಿಕಲ್ಲನ್ನು ಮಿಲ್ಲಿನಲ್ಲಿ ಕುಟ್ಟಿ, ಅರೆದು, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ಡಬ್ಬಿಗಳಲ್ಲಿ ತುಂಬಿ ಮಾರುತ್ತಾರೆ. ಅದರಲ್ಲಿ ಮೆಗ್ನೀಷಿಯಂ ಇದೆ, ಸತು ಇದೆ ಎಂದು ಓದಿದವರು ಹೇಳುತ್ತಾರೆ. ಬಳಪ ನೆಕ್ಕಿದ ಹಾಗಿರುತ್ತದೆ ಎಂದು ತಿಂದವರು ಹೇಳುತ್ತಾರೆ. ಬೆಳಿಗ್ಗೆ ಎದ್ದು ಒಂದು ಚಿಟಿಕೆ ನಾಲಿಗೆಯಡಿ ಇಟ್ಟುಕೊಂಡರೆ ಸಂಜೆಯವರೆಗೆ ಮನಸ್ಸು ಕೆನೆ ಕಟ್ಟಿದ ಹಾಲಿನಂತೆ ಅಲುಗದೆ ಇರುತ್ತದೆ, ದನಿ ಹದ್ದುಬಸ್ತಿನಲ್ಲಿ ಇರುತ್ತದೆ. ಹೆಣ್ಣು ನೋಡಲು ಹೋಗುವವರು, ಸಾಕ್ಷಿ ಹೇಳುವವರು, ಅತ್ತೆಯೊಂದಿಗೆ ಮಾತು ಬಿಟ್ಟು ಮತ್ತೆ ಶುರು ಮಾಡುವವರು ಎರಡು ಚಿಟಿಕೆ ಇಟ್ಟುಕೊಳ್ಳುತ್ತಾರೆ. ಮಕ್ಕಳಿಗೆ ಜೇನುತುಪ್ಪದಲ್ಲಿ ಕಲಸಿ ಕೊಡುತ್ತಾರೆ. ಊರಿಗೆ ಊರೇ ತಿನ್ನುವ ಆ ಪುಡಿಯನ್ನು ಮುಟ್ಟಕೂಡದವನು ನಾನೊಬ್ಬನೇ. ಪುರಸಭೆಯ ಕಟ್ಟಪ್ಪಣೆ. ಊರಿನವರ ಒಟ್ಟು ಹೆದರಿಕೆಯನ್ನು ನನ್ನೊಬ್ಬನ ತಲೆಗೆ ಕಟ್ಟಿ, ಕೈಗೊಂದು ಗಂಟೆ ಕೊಟ್ಟು, ಬೀದಿಬೀದಿ ಅಲೆಯಲು ಬಿಟ್ಟಿದ್ದರು. ನಾಯಿ ಕಂಡರೆ ಹೆದರಿಕೆ, ತಹಶೀಲ್ದಾರರ ಜೀಪು ಕಂಡರೆ ಹೆದರಿಕೆ, ಮೋಡ ಕಟ್ಟಿದರೂ ಹೆದರಿಕೆ. ಅದೇ ನನ್ನ ಅನ್ನ.

ಇಂಥ ನನಗೆ ಒಬ್ಬರ ಮೇಲೆ ಮನಸ್ಸಾಯಿತು ನೋಡಿ. ಕೊಡೆ ರಿಪೇರಿ ದೇವೀರಮ್ಮ. ಕೆರೆ ಏರಿಯ ಮೇಲಿರುವ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಆಕೆಯ ಅಂಗಡಿ. ಎಳೆವಯಸ್ಸಿನಿಂದ ಮಿಲ್ಲಿನಲ್ಲಿ ಕಲ್ಲು ಕುಟ್ಟುವ ಯಂತ್ರದ ಪಕ್ಕ ನಿಂತು ದುಡಿದಳು. ತಮ್ಮ ಸಿದ್ದಲಿಂಗುವನ್ನು ಓದಿಸಿ, ಅವನಿಗೊಂದು ಮದುವೆ ಮಾಡುವಷ್ಟರಲ್ಲಿ ಆಕೆಯ ಕಿವಿ ಹೋಗಿತ್ತು, ಆಕೆಯ ಮದುವೆಯ ಮಾತು ಎಲ್ಲರಿಗೂ ಮರೆತಿತ್ತು. ಮಿಲ್ಲು ಬಿಟ್ಟು ಕೊಡೆ ಹಿಡಿದಳು. ಊರಿನವರೆಲ್ಲ ಪುಡಿ ತಿಂದು ಮೆಲ್ಲಗೆ ಮಾತಾಡುವವರಾದ್ದರಿಂದ ಆಕೆಗೆ ಕೇಳಿಸುತ್ತಿದ್ದುದು ಮೂರೇ: ಗುಡುಗು, ಬಸ್ಸಿನ ಹಾರನ್ನು, ನಾನು.

ಇದನ್ನು ಆಕೆಯೇ ಒಮ್ಮೆ ಹೇಳಿದ್ದಳು. "ಮಿಲ್ಲು ಬಿಟ್ಟ ಮೇಲೆ ನನ್ನ ಪಾಲಿಗೆ ಊರೇ ಮೂಗಾಗಿತ್ತು, ಕೆಂಚಪ್ಪನೋರೆ. ನೀವು ಸಾರಕ್ಕೆ ಶುರು ಮಾಡಿದ್ ದಿನ ಗೊತ್ತಾಯ್ತು, ಇನ್ನೂ ಒಂಚೂರು ಕಿವಿ ಜೀವಂತ ಐತೆ ಅಂತ. ಕೊಳಾಯಿ ನೀರು ಬರಲ್ಲ ಅಂತ ನೀವು ಸಾರಿದ್ರೂ ನಂಗೆ ಖುಷಿ."

ಆ ಮಾತು ಕೇಳಿದ ಮೇಲೆ ನನ್ನ ಕೊಡೆ ಒಂದು ಕಡೆಯಿಂದ ಮುರಿಯಲು ಶುರುವಾಯಿತು. ಬಿರುಬೇಸಗೆಯಲ್ಲೂ ಮುರಿಯುತ್ತಿತ್ತು. ಆಕೆ ಕಡ್ಡಿ ತೆಗೆದು, ತಂತಿ ಸುತ್ತಿ, ಬಟ್ಟೆಗೆ ಹೊಲಿಗೆ ಹಾಕುವಷ್ಟು ಹೊತ್ತು ನಾನು ಎದುರಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದೆ. ಆಕೆಯ ಎದುರು ನಿಂತರೆ ನನ್ನ ಎದೆ ತಾಳ ತಪ್ಪುತ್ತಿತ್ತು. "ಕಡ್ಡಿ ಮುರೀತು" ಎನ್ನುವ ನನ್ನ ಮಾತು ಬಸ್‌ಸ್ಟ್ಯಾಂಡಿನ ತಗಡಿಗೆ ಬಡಿದು ವಾಪಸು ಬರುತ್ತಿತ್ತು. ಕಂಡಕ್ಟರುಗಳು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು, ಆದರೆ ಕೇಳಿಸಿತಲ್ಲ ಎಂಬ ಸಂತೋಷಕ್ಕೆ. ಆ ನಗು ನೋಡಿಕೊಂಡೇ ನಾನು ವರ್ಷ ಕಳೆದುಬಿಡುತ್ತಿದ್ದೆನೋ ಏನೋ. ಮುಂದಿನ ಮಾತು ಆಡಬೇಕೆಂದರೆ ಇಡೀ ಊರು ಕೇಳಿಸಿಕೊಳ್ಳುತ್ತದೆ. ಒಲ್ಲೆ ಎಂದರೆ ನನ್ನ ಮಾನ ಹೋಗಲಿ ಬಿಡಿ, ಅದು ಮೊದಲೇ ಅಷ್ಟಕ್ಕಷ್ಟೆ. ಆಕೆ ನಾಳೆಯಿಂದ ಅದೇ ಬಸ್‌ಸ್ಟ್ಯಾಂಡಿನಲ್ಲಿ ತಲೆಯೆತ್ತಿ ಕೂರಬೇಡವೆ? ಚೀಟಿ ಬರೆದು ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಕೆಗೆ ಓದಲು ಬರುವುದಿಲ್ಲ. ಓದಿ ಹೇಳಬೇಕಾದವನು ತಮ್ಮ. ಹೇಗಿರುತ್ತದೆ ನೀವೇ ಯೋಚಿಸಿ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಅಕ್ಕ ಚೌಡಮ್ಮ ರೊಟ್ಟಿ ತಟ್ಟುತ್ತ, ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳಿದಳು. "ದೇವೀರಿಗೆ ಗಂಡು ಗೊತ್ತಾಯ್ತಂತೆ ಕಣೋ. ಮಿಲ್ಲಿನ ಮೇಸ್ತ್ರಿ ಬೋರಯ್ಯ. ಸೋಮವಾರ ಸಿದ್ದಲಿಂಗು ಬಂದು ಮಾತು ಮುಗಿಸ್ತಾನಂತೆ."

"ಅಯ್ಯೋ!" ಎಂದೆ.

ಅಕ್ಕನ ಕೈಯ ರೊಟ್ಟಿ ಹರಿಯಿತು. ಎದುರು ಮನೆಯವರು, ಹಿಂದಿನ ಬೀದಿಯವರು, ಕಾಲು ಉಳುಕಿತೆ, ಚೇಳು ಕಡಿಯಿತೆ ಎಂದು ಅರಿಸಿನ, ಸುಣ್ಣ, ಈರುಳ್ಳಿ ಹಿಡಿದು ಬಂದರು. ಬಾಗಿಲಿಗೆ ಕಾಲು ಎಡವಿತು ಎಂದು ಅಕ್ಕ ಎಲ್ಲರನ್ನೂ ಸಾಗಹಾಕಿದಳು. ಆಮೇಲೆ ಒಳಗೆ ಬಂದು ನನ್ನ ಮುಖ ನೋಡಿದಳು. ಅವಳಿಗೆ ಹೇಳಿ ತಿಳಿಸಬೇಕಾದದ್ದು ಏನೂ ಉಳಿದಿರಲಿಲ್ಲ.

ಬೋರಯ್ಯ ಕೆಟ್ಟವನಲ್ಲ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ, ದುಡಿಯುವ ಮನುಷ್ಯ. ದಿನವೆಲ್ಲ ಮಿಲ್ಲಿನ ಪುಡಿ ಉಸಿರಾಡಿ ಊರಿಗೇ ತಣ್ಣನೆಯವನಾಗಿದ್ದ. ಅವನ ಮನೆಗೆ ಬೆಂಕಿ ಬಿದ್ದಾಗ "ಬೆಂಕಿ ಬಿದ್ದಿದೆ" ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ್ದನಂತೆ. ದೇವೀರಮ್ಮ ಅವನ ಜೊತೆ ಬದುಕಿದರೆ ಗುಡುಗಿಗೆ ಕಾಯಬೇಕು, ಬಸ್ಸಿಗೆ ಕಾಯಬೇಕು.

"ಹೋಗಿ ಕೇಳ್ಬಿಡು ಅತ್ಲಾಗೆ. ಸೋಮವಾರ ಆದ್ಮೇಲೆ ಏನಿದ್ರೂ ನೀನೇ ಗಂಟೆ ಹೊಡ್ದು ಅವಳ ನಿಶ್ಚಯ ಸಾರಬೇಕು, ಗೊತ್ತಲ್ಲ?" ಎಂದಳು ಅಕ್ಕ.

ಅದೊಂದು ಪದ್ಧತಿ ನಮ್ಮೂರಿನದು. ಮದುವೆ ನಿಶ್ಚಯವಾದರೆ ನಾನು ಕೆರೆ ಏರಿಯ ಮೇಲೆ ನಿಂತು ಸಾರಬೇಕು. ಆಚೆ ದಡದಲ್ಲಿ ದೋಣಿಯ ಮರಿಯಪ್ಪ ತನಗೆ ಕೇಳಿಸಿದ ಗುರುತಿಗೆ ಕೆಂಪು ವಸ್ತ್ರ ಬೀಸಬೇಕು. ವಸ್ತ್ರ ಏಳದಿದ್ದರೆ ನಿಶ್ಚಯವೇ ಇಲ್ಲ.

"ಹೆಂಗೆ ಕೇಳ್ಲಿ? ನಾನು ಬಾಯಿ ತೆಗೆದ್ರೆ ಊರಿಗೆ ಊರೇ..."

"ಶ್ ಶ್!" ಎಂದು ಅಕ್ಕ ನನ್ನ ಬಾಯಿಗೆ ಸೆರಗು ಒತ್ತಿದಳು. "ಎಲ್ರೂ ಏನ್ ಮಾಡ್ತಾರೆ? ಪುಡಿ ತಗೊಂಡು ಹೋಗ್ತಾರೆ. ನೀನೂ ತಗೋ. ಒಂದಿನಕ್ಕೆ ಅಧ್ಯಕ್ಷೆಗೇನು ಗೊತ್ತಾಗುತ್ತೆ?"

ನಾಜೂಕಿನ ಮಾತು ಆಡಬೇಕಾದಾಗ ಮೆಲುಪುಡಿ ತೆಗೆದುಕೊಳ್ಳುವುದು ನಮ್ಮೂರಿನವರಿಗೆ ಉಂಡ ಮೇಲೆ ಕೈ ತೊಳೆದಷ್ಟು ಸಹಜ. ಆ ಮಾತು ಹೇಳಬೇಕಾದದ್ದು ಯಾರಿಗೆ ಎನ್ನುವುದು ಅಕ್ಕನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಗಬೇಡಿ. ನಮ್ಮೂರಿನಲ್ಲಿ ಹುಟ್ಟಿದ್ದರೆ ನಿಮಗೂ ಹೊಳೆಯುತ್ತಿರಲಿಲ್ಲ.

ಅಕ್ಕ ತನ್ನ ಡಬ್ಬಿ ನನ್ನ ಕೈಗಿಟ್ಟು ನೀರು ತರಲು ಹೋದಳು. ಚಿಟಿಕೆಯ ಲೆಕ್ಕ ನನಗೆ ತಿಳಿದದ್ದು ಆಮೇಲೆ. ಎಷ್ಟು ತಿನ್ನಬೇಕೆಂದು ಕೇಳುವುದನ್ನು ನಾನು ಮರೆತೆ, ಹೇಳುವುದನ್ನು ಅವಳು ಮರೆತಳು. ಹುಟ್ಟಿದಂದಿನಿಂದ ತಿಂದವಳಿಗೆ ಅದನ್ನೆಲ್ಲ ಹೇಳಬೇಕೆಂದು ಎಲ್ಲಿ ನೆನಪಾಗಬೇಕು? ನಾನು ಚಟ್ನಿಪುಡಿಯ ಲೆಕ್ಕ ಹಾಕಿದೆ. ಮೊಸರನ್ನಕ್ಕೆ ಮೂರು ಚಮಚ ಕಲಸಿ ಗಬಗಬ ತಿಂದೆ. ಬಳಪದ ರುಚಿ ನಿಜ. ಉಪ್ಪಿನಕಾಯಿ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು.

ಆಮೇಲೆ ಆದದ್ದನ್ನು ಹೇಗೆ ಹೇಳಲಿ! ಕಾಲಿನ ಬೆರಳಿನಿಂದ ಶುರುವಾಯಿತು. ಯಾರೋ ಬೆಚ್ಚನೆಯ ನೀರು ಹೊಯ್ದ ಹಾಗೆ ಒಂದೊಂದೇ ಗಂಟು ಸಡಿಲವಾಗುತ್ತ ಮೇಲೆ ಬಂತು. ಮೊಣಕಾಲಿನ ನಡುಕ ಹೋಯಿತು. ಹೊಟ್ಟೆಯ ತೊಳಸು ಹೋಯಿತು. ಹೆಗಲು ಕಿವಿಯ ಹತ್ತಿರದಿಂದ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು. ಹೆದರಿಕೆ ನನ್ನ ಮೈಯಲ್ಲಿ ಎಷ್ಟು ಜಾಗ ಹಿಡಿದಿತ್ತು ಎನ್ನುವುದು ಅದು ಖಾಲಿ ಮಾಡಿಕೊಂಡು ಹೋದ ಮೇಲೆ ಗೊತ್ತಾಯಿತು. ಬೀದಿಗೆ ಇಳಿದೆ. ಕಂಡರೆ ಮೂರು ಓಣಿ ಸುತ್ತಿ ಹೋಗುತ್ತಿದ್ದ ಕಂದು ನಾಯಿ ಅಡ್ಡ ಬಂತು. "ಏನಯ್ಯಾ" ಎಂದು ಅದರ ತಲೆ ಸವರಿದೆ. ಪಾಪ, ಅದೇ ಹೆದರಿ ಬಾಲ ಮುದುರಿತು. ನಲವತ್ತು ದಾಟಿದ ಮೇಲೆ ಮೊದಲ ಸಲ ನಾನು ರಸ್ತೆಯ ನಡುಮಧ್ಯೆ ನಡೆದೆ. ಜಗತ್ತು ಇಷ್ಟು ಸಲೀಸು ಎಂದು ಯಾರೂ ನನಗೆ ಹೇಳಿರಲೇ ಇಲ್ಲ!

ದೇವೀರಮ್ಮ ಮಡಿಲಲ್ಲಿ ಒಂದು ದೊಡ್ಡ ಕರಿಕೊಡೆ ಇಟ್ಟುಕೊಂಡು ಹೊಲಿಯುತ್ತಿದ್ದಳು. ನಾನು ಎದುರು ನಿಂತು, ಬೆವರದೆ, ತೊದಲದೆ, ಉಸಿರು ಕಟ್ಟದೆ ಹೇಳಿದೆ. "ದೇವೀರಮ್ಮನೋರೆ, ನಿಮ್ಮನ್ನ ಕಂಡ್ರೆ ನಂಗೆ ಇಷ್ಟ. ನನ್ನ ಮದುವೆ ಆಗ್ತೀರಾ?" ಇಷ್ಟು ಚೆನ್ನಾಗಿ, ಇಷ್ಟು ಹದವಾಗಿ ನಾನು ಬದುಕಿನಲ್ಲಿ ಮಾತಾಡಿದ್ದಿಲ್ಲ. ಪಕ್ಕದ ಬೆಂಚಿನವರು ತಿರುಗಿ ಸಹ ನೋಡಲಿಲ್ಲ. ಗೆದ್ದೆ ಎಂದುಕೊಂಡೆ.

ಆಕೆ ತಲೆಯೆತ್ತಿದಳು. "ಏನಂದ್ರಿ?"

ಮತ್ತೆ ಹೇಳಿದೆ. ಆಕೆ ನನ್ನ ಬಾಯಿಯನ್ನೇ ನೋಡಿದಳು. ಸೂಜಿ ಹಿಡಿದ ಕೈ ನಿಂತಿತು. ಇನ್ನೊಂದು ಕೈಯಿಂದ ಮೆಲ್ಲಗೆ ತನ್ನ ಕಿವಿ ಮುಟ್ಟಿಕೊಂಡಳು, ಅದು ಅಲ್ಲೇ ಇದೆಯೋ ಇಲ್ಲವೋ ಎನ್ನುವ ಹಾಗೆ. ಒಂದು ಬದಿಯ ಕಿವಿ, ಆಮೇಲೆ ಇನ್ನೊಂದು. ಆಕೆಯ ಮುಖದ ಬಣ್ಣ ಇಳಿದುಹೋಯಿತು. "ಕೊಡೆ ತಂದಿಲ್ವಾ? ನಾಳೆ ತನ್ನಿ" ಎಂದು ತಲೆ ತಗ್ಗಿಸಿಬಿಟ್ಟಳು.

ಆಗಲಾದರೂ ನನಗೆ ಎದೆ ಒಡೆಯಬೇಕಿತ್ತೋ ಇಲ್ಲವೋ? ಇಲ್ಲ. ಓಹೋ, ಕೇಳಿಸಲಿಲ್ಲ ಎಂದು ಅರ್ಥವಾಯಿತು. ಅಯ್ಯೋ, ಇದು ಮೊದಲೇ ಹೊಳೆಯಬೇಕಿತ್ತು ಎಂದೂ ಅನ್ನಿಸಿತು. ಅಷ್ಟೆ. ದಾರಿಯಲ್ಲಿ ಕಡಲೆಕಾಯಿ ಕೊಂಡು ತಿನ್ನುತ್ತ ಮನೆಗೆ ಬಂದು ಸೊಗಸಾಗಿ ಮಲಗಿದೆ. ಈಗ ನೆನೆಸಿಕೊಂಡರೆ ಆ ಕಡಲೆಕಾಯಿಯ ಮೇಲೆ ನನಗೆ ಬರುವಷ್ಟು ಸಿಟ್ಟು ಇನ್ನಾವುದರ ಮೇಲೂ ಬರುವುದಿಲ್ಲ.

ನಡೆದದ್ದನ್ನು ಅಕ್ಕನಿಗೆ ಹೇಳಿದಾಗ ಅವಳು ಹಣೆ ಹಣೆ ಚಚ್ಚಿಕೊಂಡಳು. ಡಬ್ಬಿ ತೆಗೆದು ನೋಡಿದವಳು ಹೌಹಾರಿದಳು. "ಮೂರು ಚಮಚನೇನೋ! ಅಷ್ಟು ಪುಡೀಲಿ ಒಂದು ಬೀದಿನೇ ಮಲಗಿಸ್ಬೋದಲ್ಲೋ!" ಅಕ್ಕ ಪುಡಿ ಬಿಡದೆ ತಿನ್ನುವವಳು, ಆದರೂ ಆವತ್ತು ಅವಳ ದನಿ ಬೀದಿಯ ಕೊನೆ ಮುಟ್ಟಿತು.

ಮರುದಿನ ಬೆಳಿಗ್ಗೆಯೂ ಪುಡಿ ಇಳಿದಿರಲಿಲ್ಲ. ಕೆರೆಯ ತೂಬು ತೆಗೆಯುತ್ತಾರೆ, ಕಾಲುವೆಯಲ್ಲಿ ಬಟ್ಟೆ ಒಗೆಯುವವರು ಮೇಲೆ ಬನ್ನಿ ಎಂದು ಸಾರಬೇಕಿತ್ತು. ಗಂಟೆ ಬಾರಿಸಿ ಸಾರಿದೆ. ಎದುರಿಗಿದ್ದ ಒಂದು ಕರು ಕೇಳಿಸಿಕೊಂಡಿತೋ ಏನೋ. ತೂಬು ತೆಗೆದರು. ಊರಿನ ಅರ್ಧದಷ್ಟು ಪಂಚೆ, ಸೀರೆ, ದುಪ್ಪಟಿಗಳು ಮೆರವಣಿಗೆ ಹೊರಟು ಪಕ್ಕದ ಊರು ಸೇರಿದವು. ಅಧ್ಯಕ್ಷೆ ನನ್ನನ್ನು ಕರೆಸಿದರು. "ಪುಡಿ ತಿಂದಿದೀಯೇನಯ್ಯಾ?" ಎಂದರು. "ಹೌದು ಮೇಡಂ" ಎಂದೆ, ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರಿಗೆ ಇದೆ ಎಂದು ಹೇಳುವ ಹಾಗೆ. ಆಕೆ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತರು. "ಸೋಮವಾರ ಒಂದು ನಿಶ್ಚಯ ಸಾರಬೇಕು. ಆಚೆ ದಡದಲ್ಲಿ ವಸ್ತ್ರ ಏಳ್ಲಿಲ್ಲ ಅಂದ್ರೆ ಗಂಟೆ ತಂದು ಇಲ್ಲಿಟ್ಟು ಹೋಗ್ತಾ ಇರು." ಆಗಲಿ ಎಂದು ತಲೆಯಾಡಿಸಿ ಬಂದೆ.

ಆಮೇಲೆ ಅಕ್ಕ ನನ್ನನ್ನು ಹೆದರಿಸಲು ನಿಂತಳು. ಹುಣಸೆಹಣ್ಣಿನ ನೀರು ಲೋಟಗಟ್ಟಲೆ ಕುಡಿಸಿದಳು. ಅದು ಪುಡಿಯನ್ನು ಒಡೆಯುತ್ತದಂತೆ. ಹಲ್ಲು ಚುಳ್ಳೆಂದಿತು, ಭಯ ಬರಲಿಲ್ಲ. ಬೆನ್ನ ಹಿಂದೆ ಬಂದು ತಟ್ಟೆ ಬೀಳಿಸಿದಳು. ಎತ್ತಿ ಕೊಟ್ಟೆ. ಕ್ಷೌರದಂಗಡಿಗೆ ಕರೆದೊಯ್ದು, ಕಣ್ಣು ಮಂಜಾದ ಹಿರಿಯರ ಕೈಯಲ್ಲಿ ಗಡ್ಡ ಹೆರೆಸಿದಳು. ನಿದ್ದೆ ಬಂತು. ನಮ್ಮ ಹಳೆಯ ಲೆಕ್ಕದ ಮೇಷ್ಟರ ಮನೆಗೆ ಕರೆದುಕೊಂಡು ಹೋದಳು. ಅವರು ಅದೇ ಹಳೆಯ ಬೆತ್ತ ಹಿಡಿದು "ಹತ್ತೊಂಬತ್ತರ ಮಗ್ಗಿ ಹೇಳು" ಎಂದರು. "ಬರಲ್ಲ ಸಾರ್" ಎಂದು ನಕ್ಕೆ. ಮೇಷ್ಟರಿಗೇ ಕಣ್ಣಲ್ಲಿ ನೀರು ಬಂತು. "ಎಂಥಾ ಹೆದರೋ ಹುಡುಗ ಆಗಿದ್ದ! ಹಾಳಾಗ್ಹೋದ" ಎಂದರು.

ಸೋಮವಾರ ಬಂತು. ಬಸ್‌ಸ್ಟ್ಯಾಂಡಿನ ತುಂಬ ಜನ. ನಿಶ್ಚಯದ ಜೊತೆಗೆ ನನ್ನ ನೌಕರಿಯೂ ಅಲ್ಲೇ ತೀರ್ಮಾನವಾಗುತ್ತದೆಂದು ಸುದ್ದಿಯಾಗಿತ್ತು. ಎರಡೆರಡು ಚಿಟಿಕೆ ಹೆಚ್ಚು ಇಟ್ಟುಕೊಂಡು ಬಂದಿದ್ದರೂ ಕುತೂಹಲ ತಡೆಯಲಾರದೆ ಅಲ್ಲೊಬ್ಬರ ಇಲ್ಲೊಬ್ಬರ ದನಿ ಚಿಮ್ಮುತ್ತಿತ್ತು. ಅಧ್ಯಕ್ಷೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೋರಯ್ಯ ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು ನಿಂತಿದ್ದ. ಸಿದ್ದಲಿಂಗು ತನ್ನ ಅಕ್ಕನ ಪಕ್ಕದಲ್ಲಿದ್ದ. ದೇವೀರಮ್ಮ ಹಸಿರು ಸೀರೆ ಉಟ್ಟು ಅದೇ ಜಾಗದಲ್ಲಿ, ಅದೇ ಮಣೆಯ ಮೇಲೆ ಕೂತಿದ್ದಳು. ನಾನು ಗಂಟೆ ಹಿಡಿದು ಏರಿಯ ಅಂಚಿಗೆ ಹೋದೆ. ಆಚೆ ದಡದಲ್ಲಿ ಮರಿಯಪ್ಪ ಕಡ್ಡಿಯಷ್ಟು ಕಾಣುತ್ತಿದ್ದ.

"ದೇವೀರಮ್ಮನೋರಿಗೂ ಬೋರಯ್ಯನೋರಿಗೂ ಮದುವೆ ನಿಶ್ಚಯ ಆಗಿದೆ, ಕೇಳ್ರಪ್ಪೋ ಕೇಳಿ" ಎಂದೆ.

ಕೆರೆಯ ಒಂದು ಅಲೆಯೂ ಅಲುಗಲಿಲ್ಲ. ಮರಿಯಪ್ಪ ಹಾಗೇ ನಿಂತಿದ್ದ. ಇನ್ನೊಮ್ಮೆ ಸಾರಿದೆ. ವಸ್ತ್ರ ಏಳಲಿಲ್ಲ. ಜನರ ನಡುವೆ ಗುಜುಗುಜು ಎದ್ದಿತು. ಸಿದ್ದಲಿಂಗು ಬೋರಯ್ಯನ ಕಡೆ ತಿರುಗಿ, "ನೀವಾದ್ರೂ ಒಂದ್ ಮಾತು ಕೂಗಿ ಹೇಳಿ ಮೇಸ್ತ್ರಿ" ಎಂದ. ಬೋರಯ್ಯ ತುಟಿ ಅಲುಗಿಸಿದ. ಏನು ಹೇಳಿದನೋ ಅವನ ಅಂಗಿಯ ಗುಂಡಿಗೆ ಗೊತ್ತು.

ಅಧ್ಯಕ್ಷೆ ಎದ್ದು ನನ್ನ ಕಡೆ ಕೈ ಚಾಚಿದರು. "ಗಂಟೆ ಕೊಡಯ್ಯಾ" ಎಂದರು.

ಕೊಡಲು ಹೊರಟೆ. ಅಷ್ಟರಲ್ಲಿ ದೇವೀರಮ್ಮ ಮಣೆಯಿಂದ ಎದ್ದಳು. ಸೆರಗು ಸಿಕ್ಕಿಸಿಕೊಂಡು ನೇರ ನನ್ನ ಮುಂದೆ ಬಂದು ನಿಂತಳು. ಆಕೆಯ ಕೈಯಲ್ಲಿ ನನ್ನದೇ ಹಳೆಯ ಕೊಡೆ ಇತ್ತು, ಯಾವಾಗಲೋ ಬಿಟ್ಟು ಬಂದದ್ದು.

"ಮೊನ್ನೆ ನೀವು ಮಾತಾಡಿದ್ದು ಕೇಳಿಸ್ದೆ ಹೋದಾಗ ಉಳ್ದಿದ್ದ ಕಿವೀನೂ ಸತ್ತೋಯ್ತು ಅಂದ್ಕೊಂಡೆ" ಎಂದಳು. "ನೀವು ಹೋದ್ಮೇಲೆ ಅಂಗಡಿ ಬಾಗ್ಲು ಎಳ್ಕೊಂಡು ಅತ್ತೆ, ಕೆಂಚಪ್ಪನೋರೆ. ಆಮೇಲೆ ಸಂಜೆ ಬಸ್ ಬಂತು. ಹಾರನ್ ಕೇಳಿಸ್ತು. ಹಂಗಾರೆ ಕೆಟ್ಟಿರೋದು ನನ್ ಕಿವಿ ಅಲ್ಲ. ಪುಡಿ ತಿಂದ್ರಾ?"

ತಲೆಯಾಡಿಸಿದೆ.

"ನನ್ನತ್ರ ಮಾತಾಡಕ್ಕಾ?"

ಮತ್ತೆ ತಲೆಯಾಡಿಸಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ದೇವ್ರೇ! ಕೆಪ್ಪಿ ಹತ್ರ ಮಾತಾಡಕ್ಕೆ ಮೆಲುಪುಡಿ ತಿಂದು ಬಂದವರು ನೀವೊಬ್ರೇ ಇರಬೇಕು."

ಆಮೇಲೆ ಕೊಡೆ ಬಿಚ್ಚಿ ಒಂದು ಕಡ್ಡಿ ತೋರಿಸಿದಳು. "ಗಾಳಿಗೆ ಸಿಕ್ಕಿದ ಕಡ್ಡಿ ಹೊರಕ್ಕೆ ಮಗುಚ್ಕೊಳ್ಳುತ್ತೆ. ಇದನ್ನ ನೋಡಿ. ಒಳಕ್ಕೆ ಮುರಿದೈತೆ. ಕೈಯಲ್ಲಿ ಹಿಡ್ದು ಮುರಿದ್ರೇನೇ ಹಿಂಗಾಗೋದು. ಎಷ್ಟ್ ಸಲ ಮುರಿದ್ರಿ? ನಾನೂ ಒಂದಿನಾನಾದ್ರೂ ಕೇಳಿದ್ನಾ? ನೀವೇ ಬಾಯಿ ಬಿಡ್ಲಿ ಅಂತ ಕಾಯ್ತಾನೇ ಇದ್ದೆ. ಹೇಳಿ ಈಗ. ಮೊನ್ನೆ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ. ಆವತ್ತು ಗಾಬರೀಲಿ ತುಟಿ ಗೊತ್ತಾಗ್ಲಿಲ್ಲ, ಈಗ ನೋಡ್ತೀನಿ."

ಜನ ಉಸಿರು ಬಿಗಿಹಿಡಿದರು. ನಾನೊಬ್ಬನೇ ಅಲ್ಲಿ ತಣ್ಣಗಿದ್ದೆ. "ನನ್ನ ಮದುವೆ ಆಗ್ತೀರಾ?" ಎಂದೆ, ನನ್ನ ಮೂಗಿಗೆ ಮಾತ್ರ ಕೇಳುವ ಹಾಗೆ.

ಆಕೆ ನನ್ನ ತುಟಿಗಳನ್ನು ಕೊನೆಯವರೆಗೂ ನೋಡಿದಳು. ತಮ್ಮನ ಕಡೆ ಒಮ್ಮೆ ತಿರುಗಿದಳು. ಮತ್ತೆ ನನ್ನ ಕಡೆ ನೋಡಿ, "ಹೂಂ, ಆಗ್ತೀನಿ" ಎಂದಳು.

ಆ ಮಾತು ನನ್ನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದದ್ದೇ ತಡ, ಕಾಲ ಬೆರಳಿನಿಂದ ಮತ್ತೆ ಶುರುವಾಯಿತು ನೋಡಿ! ಆಗ್ತೀನಿ ಅಂದಳು. ಈಕೆ ನನ್ನ ಮನೆಗೆ ಬರುತ್ತಾಳೆ. ಮನೆಯ ಹಿಂಬಾಗಿಲಿಗೆ ಅಗುಳಿ ಇಲ್ಲ. ನನಗೆ ಗೊರಕೆ ಇದೆ. ಈಕೆಗೆ ಮುದ್ದೆ ಇಷ್ಟವೋ ರೊಟ್ಟಿಯೋ ಗೊತ್ತಿಲ್ಲ. ಇಷ್ಟು ವರ್ಷ ಕಾದು, ನನ್ನಂಥ ಪುಕ್ಕಲನನ್ನು ನೆಚ್ಚಿ, ಆಮೇಲೆ ಬೇಜಾರಾದರೆ? ಜ್ವರ ಬಂದರೆ? ನನಗಿಂತ ಮೊದಲು ಆಕೆಗೆ ಏನಾದರೂ ಆದರೆ? ಕಳೆದುಕೊಳ್ಳುವಂಥದ್ದು ನನ್ನ ಹತ್ತಿರ ಈ ತನಕ ಏನಿತ್ತು, ಒಂದು ಗಂಟೆಯನ್ನು ಬಿಟ್ಟು? ನಾಯಿ, ಜೀಪು, ಮೋಡ, ಬೆತ್ತ, ಎಲ್ಲದರ ಹೆದರಿಕೆಯನ್ನೂ ತಡೆದಿದ್ದ ಪುಡಿ ಇದರ ಮುಂದೆ ನಿಲ್ಲಲಿಲ್ಲ. ಮೂರು ಚಮಚವಲ್ಲ, ಮಿಲ್ಲಿಗೆ ಮಿಲ್ಲೇ ತಿಂದಿದ್ದರೂ ನಿಲ್ಲುತ್ತಿರಲಿಲ್ಲ. ಮೊಣಕಾಲು ನಡುಗಿತು. ಹೆಗಲು ಕಿವಿಗೆ ಏರಿತು. ಬಾಯಿ ತಾನಾಗಿ ತೆರೆಯಿತು.

"ನಿಜವಾಗ್ಲೂನಾ?"

ಬಸ್‌ಸ್ಟ್ಯಾಂಡಿನ ತಗಡು ಗಡಗಡ ಅದುರಿತು. ಆಲದ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಅಧ್ಯಕ್ಷೆ ಕುರ್ಚಿಯಲ್ಲಿ ದೊಪ್ಪನೆ ಕೂತರು. ನಿಂತಿದ್ದ ಬಸ್ಸಿನೊಳಗೆ ನಿದ್ದೆ ಹೋಗಿದ್ದ ಡ್ರೈವರು ಎದ್ದು ಹೆದರಿ ಹಾರನ್ನು ಒತ್ತಿದ. ಕೆರೆಯಾಚೆ, ಕಡ್ಡಿಯಷ್ಟು ಕಾಣುತ್ತಿದ್ದ ಮರಿಯಪ್ಪನ ಕೈಯಲ್ಲಿ ಕೆಂಪು ವಸ್ತ್ರ ಎದ್ದಿತು. ಏನು ಕೇಳಿಸಿತೆಂದು ಅವನಿಗೂ ಗೊತ್ತಿರಲಿಲ್ಲ. ಆದರೂ ಹುಚ್ಚು ಹಿಡಿದವನ ಹಾಗೆ ಬೀಸುತ್ತಲೇ ಇದ್ದ.

ದೇವೀರಮ್ಮ ಎರಡೂ ಕಿವಿಗಳ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಮುಚ್ಚಿಕೊಳ್ಳಲು ಅಲ್ಲ. ಕೇಳಿದ್ದು ಹೊರಗೆ ಹೋಗದಿರಲಿ ಎಂದು. "ಕೇಳಿಸ್ತು" ಎಂದಳು. "ನಿಜವಾಗ್ಲೂ."

ಸಿದ್ದಲಿಂಗು ಬೋರಯ್ಯನ ಮುಖ ನೋಡಿದ. ಬೋರಯ್ಯ ನಿಧಾನವಾಗಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಏನೋ ಹೇಳಿದ. ನನ್ನ ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು, ಅರ್ಥವಾಗಲಿಲ್ಲ. ಅವನು ನನ್ನ ಬೆನ್ನು ತಟ್ಟಿ ಗಂಟೆಯನ್ನು ನನ್ನ ಕೈಯಲ್ಲಿ ಸರಿಯಾಗಿ ಹಿಡಿಸಿದಾಗ ಅರ್ಥವಾಯಿತು. ಸಾರಿದೆ ನೋಡಿ! ದೇವೀರಮ್ಮನೋರಿಗೂ ಕೆಂಚಪ್ಪನಿಗೂ ಎಂದು ಸಾರಿದೆ. ನನ್ನ ಹೆಸರು ಬಂದಾಗ ನನಗೇ ಎಷ್ಟು ಭಯವಾಯಿತೆಂದರೆ, ಬಟ್ಟೆ ತೇಲಿಹೋಗಿದ್ದ ಪಕ್ಕದ ಊರಿನವರು ಅದನ್ನು ಕೇಳಿಸಿಕೊಂಡು, ಮದುವೆ ಉಡುಗೊರೆಯೆಂದು ನಮ್ಮೂರಿನ ಪಂಚೆ ಸೀರೆಗಳನ್ನು ಗಾಡಿಯಲ್ಲಿ ತುಂಬಿ ಕಳಿಸಿದರು.

ಮದುವೆಯಾದ ಹೊಸದರಲ್ಲಿ ಪುರಸಭೆಯಲ್ಲಿ ಒಂದು ಅನುಮಾನವಿತ್ತು. ಸುಖವಾಗಿರುವವನ ದನಿ ಇಳಿದುಹೋದೀತು, ಬೇರೊಬ್ಬ ಪುಕ್ಕಲನನ್ನು ನೋಡಿಟ್ಟುಕೊಳ್ಳೋಣ ಎಂದು ಮಾತಾಡಿಕೊಂಡಿದ್ದರಂತೆ. ಅವರಿಗೇನು ಗೊತ್ತು! ನಾಯಿಯ ಹೆದರಿಕೆ ಹೋಗಿದೆ, ಜೀಪಿನದೂ ಹೋಗಿದೆ. ಆದರೆ ಬೆಳಿಗ್ಗೆ ನಾನು ಎದ್ದು ಒಲೆ ಹಚ್ಚಿ ನೀರಿಡುತ್ತೇನೆ. ಆಕೆ ಇನ್ನೂ ಮಲಗಿರುತ್ತಾಳೆ. ಹೊದಿಕೆ ಮೇಲೆ ಕೆಳಗೆ ಆಗುವುದನ್ನು ನೋಡುತ್ತ ನಿಲ್ಲುತ್ತೇನೆ. ಒಂದೊಂದು ದಿನ ಅದು ಆಗುವುದು ಅರೆಗಳಿಗೆ ತಡವಾದ ಹಾಗೆ ಕಾಣುತ್ತದೆ.

"ಕಾಫಿ ಕೊಡ್ಲಾ?" ಎನ್ನುತ್ತೇನೆ.

ಪಕ್ಕದ ಬೀದಿಯ ನಾಯಿಗಳು ಬೊಗಳುತ್ತವೆ. ಮೊದಮೊದಲು ಒಬ್ಬ ಮುದುಕರು ಕಾಫಿಗೆಂದು ತಂಬಿಗೆ ಹಿಡಿದು ಬಂದೂ ಇದ್ದರು. ಈಗ ಎಲ್ಲರಿಗೂ ಅಭ್ಯಾಸವಾಗಿದೆ. ದೇವೀರಮ್ಮ ಕಣ್ಣು ತೆರೆಯದೆ, ದಿಂಬಿನಿಂದ ತಲೆ ಎತ್ತದೆ, ನಗುತ್ತಾಳೆ.

"ಕೇಳಿಸ್ತು, ಕೊಡಿ."